ಮಣ್ಣಿಲ್ಲದ ಮೂರ್ತಿಕಲೆ

ಶಿಲ್ಪವೆಂದೊಡನೆ ಹಾಸನ ಸೀಮೆಯವರಿಗೆ ಕಲ್ಲು, ಉಳಿ, ಚಾಣಗಳು ನೆನಪಾಗುವುದು ಸಹಜ. ಈಗ ಇವಾವುವೂ ಬೇಡದ ಒಂದು ಮೂರ್ತಿಕಲೆ ಬಂದಿದೆ. ಹೊಳೆನರಸೀಪುರ, ಅರಕಲಗೂಡುಗಳಿಂದ ಹಾಸನದ ಕಾಲೇಜಿಗೆ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಅಭ್ಯಾಸಮಾಡುತ್ತಿದ್ದಾರೆ.

ಇದರ ಬಗೆ ಸರಳವಾದುದು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಉಂಡೆ. ಅದರ ಮೈಯೆಲ್ಲ ಸಾವಿರಾರು ಬಿಂದುಗಳನ್ನು ಹೆಣೆದ ಬಲೆ. ಲೇಖನಿಯಂಥ ಕಡ್ಡಿಯಿಂದ ಒತ್ತಿದರೆ, ಒತ್ತಿದೆಡೆಯ ಬಿಂದುಗಳು ಹೆಚ್ಚಾಗಿಯೂ ಅಂಚಿನವು ಕಡಮೆಯಾಗಿಯೂ ಜರುಗಿ, ಜೇಡಿಮಣ್ಣಿನಲ್ಲಿ ಮೂಡುವಂತೆಯೇ ಉಬ್ಬುತಗ್ಗುಗಳು ಮೂಡುತ್ತವೆ. 1999ರಲ್ಲಿ ಬೆಳಕಿಗೆ ಬಂದ ಝಡ್‌ಬ್ರಷ್ ಮುಂದೆ ಈ ವಿದ್ಯೆಯನ್ನು ಚಲನಚಿತ್ರಲೋಕಕ್ಕೆ ಕೊಂಡೊಯ್ದಿತು. ಇಲ್ಲಿ ತಪ್ಪಿದ ಗೆರೆಯನ್ನು ಗುಂಡಿಯೊತ್ತಿ ಹಿಂದೆಗೆಯಬಹುದು. ಎಡಗೆನ್ನೆಯನ್ನು ತಿದ್ದಿದರೆ ಬಲಗೆನ್ನೆ ಕನ್ನಡಿಯ ಬಿಂಬದಂತೆ ತಾನೇ ತಿದ್ದಿಕೊಳ್ಳುತ್ತದೆ.

ಈ ಕನ್ನಡಿಯ ಸೌಲಭ್ಯವನ್ನು ಕಂಡಾಗ ನನಗೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ನೆನಪಾಯಿತು. ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಅದರ ಹೊರಗೋಡೆಯ ದಕ್ಷಿಣ ಪಾರ್ಶ್ವದಲ್ಲಿ ಬೈಚೋಜನ ಕೈಕೆಲಸ, ಉತ್ತರದಲ್ಲಿ ಮಲ್ಲಿತಮ್ಮನದು. ಮೂರ್ತಿಗಳ ಕೆಳಗೆ ಅವರ ಹೆಸರುಗಳೂ ಇವೆ. ಗುಡಿ ಒಂದೇ, ಬಳಪದ ಕಲ್ಲೂ ಒಂದೇ. ಆದರೂ ಒಂದು ಮಗ್ಗುಲು ಇನ್ನೊಂದರ ಪ್ರತಿಬಿಂಬವಾಗಲಿಲ್ಲ. ಇಬ್ಬರು ಆಚಾರ್ಯರ ಕೈಗಳು ಅಲ್ಲಿ ಬೇರೆಬೇರೆಯಾಗಿ ನುಡಿಯುತ್ತವೆ. ಹಿಂದೆಗೆಯುವ ಗುಂಡಿ ಅವರಿಗಿರಲಿಲ್ಲ; ಒಂದೊಂದು ಏಟಿಗೂ ಅವರೇ ಹೊಣೆ.

ಹಾಗಾದರೆ ಹೊಸ ವಿದ್ಯೆ ಹೀನವಾದುದೆ ಎಂದು ವಾಚಕರು ಕೇಳಬಹುದು. ಹಾಗೆನ್ನಲಾರೆ. ಕಲ್ಲು ಕೊಳ್ಳಲು ಹಣವಿಲ್ಲದ, ಗುರುವಿನ ಬಳಿಯಿದ್ದು ಕಲಿಯಲು ಅನುಕೂಲವಿಲ್ಲದ ಹುಡುಗ ಹುಡುಗಿಯರಿಗೆ ಅದು ಬಾಗಿಲು ತೆರೆದಿದೆ. ನಿರ್ಭಯವಾಗಿ ನೂರು ಬಾರಿ ಕೆಡಿಸಿ ಕಟ್ಟುವುದೂ ಒಂದು ಶಿಕ್ಷಣವೇ ಸರಿ. ಆದರೆ ಕವಿಗೆ ಛಂದಸ್ಸಿನ ಕಟ್ಟು ಹೇಗೋ ಶಿಲ್ಪಿಗೆ ಕಲ್ಲಿನ ಬಿಗಿ ಹಾಗೆ. ಅದರೊಡನೆ ಹೆಣಗಿಯೇ ಅವನ ಕೈ ಪಳಗುವುದು. ಎದುರೊತ್ತದ ಮಣ್ಣು, ಎಲ್ಲರಿಗೂ ಅವೇ ಸಿದ್ಧ ಕುಂಚಗಳು, ಅರ್ಧ ಕೆಲಸಕ್ಕೆ ಕನ್ನಡಿ—ಇವಿಷ್ಟನ್ನೇ ನಂಬಿದರೆ ಎಲ್ಲರ ಮೂರ್ತಿಗಳೂ ಒಂದೇ ಅಚ್ಚಿನವಾಗುವ ಭಯವುಂಟು.

ಆದುದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಮೊದಲ ಆಕಾರ ಕೂಡಿಬಂದೊಡನೆ ಕನ್ನಡಿಯನ್ನು ನಿಲ್ಲಿಸಿ, ಎರಡು ಕೆನ್ನೆಗಳನ್ನೂ ನಿಮ್ಮ ಕೈಯಿಂದಲೇ ತಿದ್ದಿರಿ. ಆಮೇಲೆ ಒಮ್ಮೆ ನುಗ್ಗೇಹಳ್ಳಿಗೆ ಹೋಗಿ ಗುಡಿಯನ್ನು ಸುತ್ತಿಬನ್ನಿ. ನಿಮ್ಮ ಮೂರ್ತಿಯ ಕೆಳಗೆ ನಿಮ್ಮ ಹೆಸರು ಬರೆಯಬಹುದೆ ಎಂಬುದು ಆಗ ನಿಮಗೇ ತಿಳಿದೀತು.