ಕೈ ತೆಗೀರಿ ಕಾಕಾ, ಅಳತಿ ಕಾಣ್ಲಿ

ಬೈಲಹೊಂಗಲದ ಒಂದು ವೆಲ್ಡಿಂಗ್ ಅಂಗಡಿ. ಸವದತ್ತಿ ಕಡೆಯ ಹಿರಿಯ ರೈತರೊಬ್ಬರು ನೋಟ್‌ಬುಕ್ ಬಿಡಿಸಿಕೊಂಡು ನಿಂತಿದ್ದರು. ಅದರಲ್ಲಿ ಪೆನ್ಸಿಲಿನಿಂದ ಬಿಡಿಸಿದ ಕೂರಿಗೆ. ಕಡಲೆ ಬೀಜ ನಾಲ್ಕೂ ತಾಳಿಗೆ ಸಮನಾಗಿ ಇಳಿಯಬೇಕು, ಅದಕ್ಕೊಂದು ಹಲ್ಲಿನ ಚಕ್ರ ಕೂಡಿಸಬೇಕು ಎಂಬುದು ಅವರ ಯೋಚನೆ. ಚಿತ್ರದ ಮುಕ್ಕಾಲು ಪಾಲನ್ನು ಅಂಗೈಯಿಂದ ಮುಚ್ಚಿ, ಅಂಚಿನ ಒಂದು ಪಟ್ಟಿಯನ್ನಷ್ಟೇ ತೋರಿಸಿ, "ಇಷ್ಟು ಮಾಡಿ ಕೊಡಪಾ, ಉಳಿದದ್ದು ನಾ ನೋಡ್ಕೋತೀನಿ" ಎಂದರು. ವೆಲ್ಡರ್ ಹುಡುಗ ಕರಿ ಕನ್ನಡಕ ಹಣೆಗೇರಿಸಿ ನಕ್ಕ. "ಕೈ ತೆಗೀರಿ ಕಾಕಾ, ಅಳತಿ ಕಾಣದಿದ್ರ ನಾ ಎಲ್ಲಿ ಕಟ್ ಮಾಡ್ಲಿ?"

ಹೊಸ ಯಂತ್ರದ ಕನಸು ಕಾಣುವ ನಮ್ಮ ಕಡೆಯವರ ಅರ್ಧ ತಾಪತ್ರಯ ಆ ಅಂಗೈಯಲ್ಲೇ ಇದೆ. ಉಳಿದರ್ಧ, ಊರಲ್ಲಿ ಹಬ್ಬಿರುವ ಮಾತುಗಳಲ್ಲಿದೆ.

"ಯಂತ್ರ ತಯಾರಾಗಿ ಕಣ್ಮುಂದೆ ನಿಲ್ಲದ ಹೊರತು ಪೇಟೆಂಟ್ ಅರ್ಜಿ ತಗೋಳ್ಳೂದಿಲ್ಲ"

ಇದು ತಪ್ಪು. ಭಾರತದ 1970ರ ಪೇಟೆಂಟ್ ಕಾಯ್ದೆಯಲ್ಲಿ ಮಾದರಿ ಕಡ್ಡಾಯವಲ್ಲ. ಯಾವುದೋ ಒಂದು ಅರ್ಜಿಗೆ ಮಾದರಿ ಬೇಕೆಂದು ಅಧಿಕಾರಿಗೆ ಅನ್ನಿಸಿದರೆ ಮಾತ್ರ 10ನೇ ಕಲಮಿನ ಪ್ರಕಾರ ಕೇಳಬಹುದು. ಉಳಿದಂತೆ ಬರಹ ಮತ್ತು ಚಿತ್ರ ಸಾಕು. ಈ ನಂಬಿಕೆಗೆ ಬೇರು ಎಲ್ಲಿಯದೋ ಗೊತ್ತಿಲ್ಲ. ಅಮೆರಿಕದಲ್ಲಂತೂ 1880ರವರೆಗೆ ಅರ್ಜಿಯ ಜೊತೆ ಪುಟ್ಟ ಮಾದರಿ ಕೊಡಬೇಕಿತ್ತು. ಆಮೇಲೆ ಅವರೂ ಕೈಬಿಟ್ಟರು.

ಇದರ ತಿರುವು ಮುರುವು ಮಾತೂ ಅದೇ ಕಟ್ಟೆಯ ಮೇಲೆ ಕೇಳಿಬರುತ್ತದೆ: ಪೇಟೆಂಟ್ ಕೈಗೆ ಬರುವವರೆಗೆ ಕಬ್ಬಿಣಕ್ಕೆ ಕೈ ಹಚ್ಚಬಾರದು. ಪೇಟೆಂಟ್ ಕೈಗೆ ಬರಲು ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಎಷ್ಟು ಹಿಂಗಾರು ಹೋದವೋ! ನಡುವಿನ ದಾರಿಯೊಂದಿದೆ. ಯೋಚನೆ ಇನ್ನೂ ಹಸಿ ಇರುವಾಗಲೇ ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಬಹುದು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆ ಹನ್ನೆರಡು ತಿಂಗಳು ಅಂದರೆ ಒಂದು ಮುಂಗಾರು, ಒಂದು ಹಿಂಗಾರು. ಮಾದರಿ ಮಾಡಿ, ಮುರಿದು, ಮತ್ತೆ ಮಾಡಲು ಇದಕ್ಕಿಂತ ಒಳ್ಳೆಯ ಅವಧಿ ಬೇರೆ ಬೇಕೆ? ಆದರೆ ಬರೆದುಕೊಟ್ಟಷ್ಟಕ್ಕೇ ಆ ತಾರೀಖಿನ ಬಲ. ಮುಖ್ಯವಾದದ್ದನ್ನೇ ಬಚ್ಚಿಟ್ಟು ಬರೆದರೆ, ಅದೂ ಅಂಗೈ ಮುಚ್ಚಿದ ಚಿತ್ರವೇ.

ಚಿತ್ರವನ್ನು ಲಕೋಟೆಯಲ್ಲಿಟ್ಟು, ತನ್ನ ವಿಳಾಸಕ್ಕೇ ಟಪಾಲು ಹಾಕಿ, ಒಡೆಯದೆ ಟ್ರಂಕಿನಲ್ಲಿಟ್ಟರೆ ಹಕ್ಕು ಭದ್ರ ಎನ್ನುವವರೂ ಇದ್ದಾರೆ. ಟಪಾಲು ಖರ್ಚಷ್ಟೇ ಲಾಭ, ಅದೂ ಅಂಚೆ ಇಲಾಖೆಗೆ.

"ವೆಲ್ಡರ್‌ಗೆ ತೋರಿಸಿದರೆ ಕದೀತಾನೆ"

ದಿನಕ್ಕೆ ಹತ್ತು ಟ್ರೇಲರ್ ರಿಪೇರಿಗೆ ಬಂದು ನಿಲ್ಲುವ ಅಂಗಡಿಯವನಿಗೆ ನಿಮ್ಮ ಕೂರಿಗೆ ಕದಿಯಲು ಪುರುಸೊತ್ತೆಲ್ಲಿ? ಆದರೂ ಎಚ್ಚರ ತಪ್ಪಲ್ಲ. ಇದು ಇಂಥವರ ಕೆಲಸ, ಗುಟ್ಟಾಗಿಡತಕ್ಕದ್ದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನಿಜವಾದ ಅಪಾಯ ಬೇರೆ ಕಡೆ ಇದೆ. ವೆಲ್ಡರ್‌ಗೆ ಚಿತ್ರ ತೋರಿಸದವರು, ಯಂತ್ರ ತಯಾರಾದ ದಿನವೇ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಬಿಡುತ್ತಾರೆ, ಇಲ್ಲವೇ ಮೇಳದಲ್ಲಿ ಪ್ರದರ್ಶನಕ್ಕಿಡುತ್ತಾರೆ. ಅರ್ಜಿ ಹಾಕುವ ಮುಂಚೆ ಜಗಜ್ಜಾಹೀರಾದದ್ದು ಕಾಯ್ದೆಯ ಕಣ್ಣಿಗೆ ಹೊಸದಲ್ಲ.

ಹಾಗಾದರೆ ಹೊಲದಲ್ಲಿ ಪರೀಕ್ಷೆ ಮಾಡುವುದು ಹೇಗೆ? ಹೊಲಕ್ಕೆ ಗೋಡೆ ಇರುವುದಿಲ್ಲವಲ್ಲ! ಕಾಯ್ದೆ ಬರೆದವರಿಗೂ ಇದು ಹೊಳೆದಿದೆ. ಬಯಲಲ್ಲೇ ಮಾಡಬೇಕಾದ ಸ್ವರೂಪದ್ದಾಗಿದ್ದರೆ, ಬರೀ ಪರೀಕ್ಷೆಗೆಂದು ನಡೆಸಿದ್ದಾದರೆ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗಿನ ಅಂಥ ಪ್ರಯೋಗ ಹಕ್ಕಿಗೆ ಅಡ್ಡಬರದು ಎನ್ನುತ್ತದೆ 32ನೇ ಕಲಮು. ಇದನ್ನೇ ನೆಚ್ಚಿ ಕೂರುವುದಕ್ಕಿಂತ ಮೊದಲೇ ತಾತ್ಕಾಲಿಕ ಅರ್ಜಿ ಹಾಕುವುದು ಲೇಸು ಎಂಬುದು ನನ್ನ ಮತ.

"ಮಾದರಿ ಅಂದರೆ ಬಣ್ಣ ಹಚ್ಚಿದ ಪೂರ್ತಿ ಯಂತ್ರ, ಲಕ್ಷಗಟ್ಟಲೆ ಬೇಕು, ಬೆಂಗಳೂರಿಗೇ ಹೋಗಬೇಕು"

ಈ ನಂಬಿಕೆಗೆ ನಾನೂ ಒಮ್ಮೆ ದುಡ್ಡು ತೆತ್ತಿದ್ದೇನೆ. ಪೇಟೆಂಟ್, ಪ್ರೊಟೊಟೈಪ್ ಎರಡನ್ನೂ ಮಾಡಿಕೊಡುತ್ತೇವೆಂದ ಮಧ್ಯವರ್ತಿಯೊಬ್ಬರಿಗೆ ಮುಂಗಡ ಕೊಟ್ಟೆ. ಬಂದದ್ದು ಕಂಪ್ಯೂಟರಿನಲ್ಲಿ ಗಿರಗಿರ ತಿರುಗುವ ಬಣ್ಣದ ಚಿತ್ರ. ಆ ಚಿತ್ರದಲ್ಲಿ ಬೇರಿಂಗ್ ಬಿಗಿಯುವುದಿಲ್ಲ, ಚೈನು ಜಾರುವುದಿಲ್ಲ, ಮಣ್ಣು ಮೆತ್ತುವುದಿಲ್ಲ. ನನಗೆ ತಿಳಿಯಬೇಕಿದ್ದದ್ದು ಆ ಮೂರೇ.

ಮೊದಲ ಮಾದರಿಗೆ ಒಂದೇ ಕೆಲಸ: ಒಂದು ಪ್ರಶ್ನೆಗೆ ಅಗ್ಗದಲ್ಲಿ ಉತ್ತರ ಕೊಡುವುದು. ಕಾಕಾ ಅವರ ಪ್ರಶ್ನೆ ನೋಡಿ: ನಾಲ್ಕೂ ತಾಳಿಗೆ ಬೀಜ ಸಮನಾಗಿ ಇಳಿಯುತ್ತದೆಯೇ? ಇದಕ್ಕೆ ಇಡೀ ಕೂರಿಗೆ ಬೇಡ, ಎತ್ತು ಬೇಡ, ಟ್ರ್ಯಾಕ್ಟರ್ ಮೊದಲೇ ಬೇಡ. ಪ್ಲೈವುಡ್ಡಿನ ಪೆಟ್ಟಿಗೆ, ಗುಜರಿಯಿಂದ ತಂದ ಸೈಕಲ್ ಚೈನು, ಸ್ಟ್ಯಾಂಡಿನ ಮೇಲೆ ತಿರುಗುವ ಒಂದು ಗಾಲಿ ಸಾಕು. ಗಾಲಿಯ ವ್ಯಾಸ 40 ಸೆಂ.ಮೀ. ಅಂದುಕೊಳ್ಳಿ, ಒಂದು ಸುತ್ತಿಗೆ ಸುಮಾರು 1.26 ಮೀಟರ್, ನಲವತ್ತು ಸುತ್ತಿಗೆ 50 ಮೀಟರ್. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇಟ್ಟರೆ ನಾಲ್ಕು ತಾಳಿನ ಅಗಲ 1.2 ಮೀಟರ್. ಅಲ್ಲಿಗೆ, ನಿಂತಲ್ಲೇ 60 ಚದರ ಮೀಟರ್ ಬಿತ್ತಿದ ಲೆಕ್ಕ. ಎಕರೆಗೆ 25 ಕಿಲೊ ಕಡಲೆಯಂತೆ ಒಟ್ಟು ಸುಮಾರು 370 ಗ್ರಾಂ ಬೀಳಬೇಕು; ತಾಳಿಗೆ 90ರ ಆಸುಪಾಸು. ಪ್ರತಿ ತಾಳಿಗೂ ಒಂದು ಚೀಲ ಕಟ್ಟಿ, ನಲವತ್ತು ಸುತ್ತು ತಿರುಗಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಉತ್ತರ ಸಿಕ್ಕಿತು.

ಹೊಲದ್ದು ಎರಡನೆಯ ಪ್ರಶ್ನೆ. ಎರಿ ಮಣ್ಣು ಹಸಿಯಿದ್ದಾಗ ಗಾಲಿಗೆ ಮೆತ್ತಿಕೊಳ್ಳುತ್ತದೆ. ಗಾಲಿ ಉರುಳದೆ ಜಾರಿದಷ್ಟು ದೂರ ಬೀಜವೂ ಬೀಳುವುದಿಲ್ಲ. ಅಂಗಡಿಯಲ್ಲಿ ಗೆದ್ದದ್ದು ಹೊಲದಲ್ಲಿ ಸೋಲುವುದು ಹೀಗೆ. ಒಂದು ಗೆದ್ದರೆ ನೂರು ಮಾಡಿ ಮಾರಬಹುದು ಎನ್ನುವವರು ಮರೆಯುವುದೂ ಇದನ್ನೇ.

ಇನ್ನು ಬೆಂಗಳೂರಿನ ಮಾತು. ರಾಮದುರ್ಗದಲ್ಲಿ ಮಗ್ಗ ರಿಪೇರಿ ಮಾಡುವವರ ಹತ್ತಿರ ಒಮ್ಮೆ ಕೂತು ನೋಡಿ. ಒಂದೊಂದು ಹೊಡೆತಕ್ಕೂ ಬಟ್ಟೆ ಇಷ್ಟೇ ಸುತ್ತಿಕೊಳ್ಳಬೇಕು, ಹಿಂದಕ್ಕೆ ಸರಿಯಬಾರದು ಎಂದು ಹಲ್ಲಿನ ಚಕ್ರಕ್ಕೆ ಕೊಕ್ಕೆ ಕೂಡಿಸಿ ಮಗ್ಗ ಓಡಿಸುವವರು ಅವರು. ಅಳೆದು ಅಳೆದು ಬೀಜ ಬಿಡುವ ಕೂರಿಗೆಗೆ ಬೇಕಾದ ವಿದ್ಯೆ ಬಹುತೇಕ ಅದೇ. ಕಿತ್ತೂರು ಹೆದ್ದಾರಿಯ ಮೇಲಿದೆ. ಒಂದು ಕಡೆ ಬಸ್ಸು ಹತ್ತಿದರೆ ಬೆಳಗಾವಿ, ಇನ್ನೊಂದು ಕಡೆ ಹತ್ತಿದರೆ ಕೃಷಿ ವಿಶ್ವವಿದ್ಯಾಲಯದ ಧಾರವಾಡ. ಬೆಳಗಾವಿಯ ಉದ್ಯಮಬಾಗಿನಲ್ಲಿ ಫೌಂಡ್ರಿಗಳಿವೆ, ಲೇಥ್ ಅಂಗಡಿಗಳಿವೆ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವೂ ಇದೆ. ಆದರೆ ಮೊದಲ ಮಾದರಿಗೇ ಎರಕ ಹೊಯ್ಯಿಸಬೇಡಿ. ಎರಕಕ್ಕೆ ಪ್ಯಾಟರ್ನ್ ಬೇಕು; ಬೀಡು ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಅದನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ನಾಳೆ ಅಳತೆ ಬದಲಾದರೆ ಪ್ಯಾಟರ್ನಿನ ದುಡ್ಡು ಒಲೆಗೆ. ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿದ್ದನ್ನಾದರೆ ಮರುದಿನ ಬಿಚ್ಚಬಹುದು.

"ಇಂಜಿನಿಯರ್ ಅಲ್ಲದವರಿಗೆ ಯಾರು ಕೇಳ್ತಾರೆ?"

ಸವದತ್ತಿಯಿಂದ ನವಲಗುಂದ ದಾಟಿದರೆ ಅಣ್ಣಿಗೇರಿ. ಅಲ್ಲಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರು. ಹುಣಸೆ ತೋಟ ಮಾಡಿದರು. ಹಣ್ಣು ಬಂದಾಗ ಬೀಜ ಬಿಡಿಸುವುದೇ ಕಷ್ಟವಾಯಿತು. ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಗೆ, ಉಳುಮೆಗೆ, ಕಬ್ಬಿಗೆ ಎಂದು ಒಂದರ ಹಿಂದೊಂದು ಸಲಕರಣೆ ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಗೌರವ, 2022ರಲ್ಲಿ ಪದ್ಮಶ್ರೀ. ಗುಜರಾತಿನಲ್ಲಿರುವ ಈ ಪ್ರತಿಷ್ಠಾನ 2000ದಲ್ಲಿ ಹುಟ್ಟಿದ್ದೇ ಡಿಗ್ರಿ ಇಲ್ಲದ ಇಂಥವರಿಗಾಗಿ.

ದುಡ್ಡಿನ ದಾರಿಗಳೂ ಇವೆ. ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಮಾದರಿ ಮಾಡಲು 10 ಲಕ್ಷದವರೆಗೆ ನೆರವುಂಟು, ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ. ಎರಡನೆಯದು ಸ್ಟಾರ್ಟ್‌ಅಪ್ ಕಂಪನಿಗಳಿಗೆ. ಬರೀ ಯೋಚನೆ ಹೇಳಿದರೆ ಚೆಕ್ ಬರೆದುಕೊಡುತ್ತಾರೆಂದು ಮಾತ್ರ ತಿಳಿಯಬೇಡಿ. ಅಲ್ಲಿ ಕೂತವರೆದುರು ನಾಲ್ಕು ಚೀಲದ ತೂಕ ಬರೆದ ಹಾಳೆ ಇಟ್ಟರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಕಾಕಾ ಕೊನೆಗೆ ಕೈ ತೆಗೆದರು. ಎರಡು ವಾರ ಬಿಟ್ಟು ನಾನು ಮತ್ತೆ ಆ ಕಡೆ ಹೋದಾಗ ಪ್ಲೈವುಡ್ ಪೆಟ್ಟಿಗೆ ತಯಾರಾಗಿ, ನಲವತ್ತು ಸುತ್ತು ಮುಗಿದಿತ್ತು. ಮೂರು ಚೀಲ ತೊಂಬತ್ತರ ಹತ್ತಿರ ಬಂದಿದ್ದವು. ನಾಲ್ಕನೆಯದು 61. ಹುಡುಗ ನಾಲ್ಕನೇ ತಾಳಿನ ಮೇಲಿನ ಹಲ್ಲಿಗೆ ಅರ ಹಾಕಿ ಉಜ್ಜುತ್ತಿದ್ದ. ಕಾಕಾ ಅದೇ ನೋಟ್‌ಬುಕ್ಕಿನಲ್ಲಿ, ಚಿತ್ರದ ಪಕ್ಕಕ್ಕೆ, ತಾರೀಖು ಹಾಕಿ ಅರವತ್ತೊಂದು ಎಂದು ಬರೆದುಕೊಳ್ಳುತ್ತಿದ್ದರು.