ಬರಿಯ ಕವಚದಿಂದ ಚಾರ್ಜರ್
1969ರ ಡಾಡ್ಜ್ ಚಾರ್ಜರ್ ಆರ್/ಟಿ ಕಾರಿಗೆ ಲಾರಿಗಳಿಗಿರುವಂತಹ ಪ್ರತ್ಯೇಕ ಚಾಸಿಯಿಲ್ಲ. ನೆಲದ ತಗಡು, ಪಕ್ಕದ ತೊಲೆ, ಛಾವಣಿ ಇವೆಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರವನ್ನು ಹೊರುವುದರಿಂದ, ತುಕ್ಕೆಂಬುದು ಅಲ್ಲಿ ಕೇವಲ ಅಂದಗೇಡಲ್ಲ, ಅಸ್ಥಿಕ್ಷಯವೇ ಸರಿ. ಆದುದರಿಂದ ಎಂಜಿನ್, ಗಾಜು, ಸೀಟು, ವೈರುಗಳನ್ನೆಲ್ಲ ಕಳಚಿ, ಉಳಿದ ಬರಿಯ ಕವಚವನ್ನು ತಿರುಗುವ ಚೌಕಟ್ಟಿಗೆ ಬಿಗಿದು, ಅದರ ಅಡಿಭಾಗವನ್ನು ಹೊರಳಿಸಿ ಪರೀಕ್ಷಿಸುವುದೇ ಜೀರ್ಣೋದ್ಧಾರದ ಪ್ರಥಮ ಕರ್ತವ್ಯ. ಒಳಸರಿದಂತಿರುವ ಹಿಂದಿನ ಗಾಜಿನ ಸುತ್ತ ನೀರು ನಿಂತು ತಗಡನ್ನು ತಿಂದಿರುತ್ತದೆ. ಅಲ್ಲಿಂದ ಸೋರಿದ್ದು ಡಿಕ್ಕಿಯ ನೆಲವನ್ನೂ ಬಿಟ್ಟಿರುವುದಿಲ್ಲ.

ಮರಳನ್ನು ರಭಸದಿಂದೆರಚಿ ಬಣ್ಣ ತೆಗೆಯುವ ಆತುರ ಬೇಡ: ವಿಶಾಲವಾದ ತಗಡು ಆ ಹೊಡೆತಕ್ಕೆ ಸೊಟ್ಟಗಾದರೆ ಮರಳಿ ಸಮನಾಗುವುದು ದುಸ್ಸಾಧ್ಯ. ಕೊಳೆತ ಭಾಗವನ್ನು ಕತ್ತರಿಸುವ ಮುನ್ನ ಒಳಗೆ ಅಡ್ಡಪಟ್ಟಿಗಳನ್ನು ಬೆಸೆದು ಬಾಗಿಲ ಕಂಡಿಯ ಅಳತೆ ಕದಲದಂತೆ ಕಾಯಬೇಕು. ಹೊಸ ತಗಡನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಬಾಗಿಲು, ಡಿಕ್ಕಿಗಳ ಸಂದುಗಳು ಸಮನಾಗಿವೆಯೆಂದು ಕಣ್ಣಾರೆ ಕಂಡ ಬಳಿಕವೇ ವೆಲ್ಡಿಂಗ್, ಅದೂ ಬಿಡಿಬಿಡಿ ಚುಕ್ಕಿಗಳಾಗಿ. ಅನಂತರ ಎಪಾಕ್ಸಿ ಪ್ರೈಮರ್.

ಬಣ್ಣದ ವಿಷಯದಲ್ಲಿ, ಎಂಜಿನ್ ಕೋಣೆಯ ಪುಟ್ಟ ಲೋಹಫಲಕದ ಮೇಲೆ ಕಾರ್ಖಾನೆಯವರು ಸಂಕೇತಾಕ್ಷರಗಳಲ್ಲಿ ಒತ್ತಿಟ್ಟ ಮೂಲವರ್ಣವನ್ನೇ ಬಳಿಯುವುದು ನನ್ನ ಮತದಲ್ಲಿ ಉಚಿತ. 7.2 ಲೀಟರಿನ, 375 ಅಶ್ವಶಕ್ತಿಯ ಮ್ಯಾಗ್ನಮ್ ಎಂಜಿನ್ನಿನ ಸರದಿ ಇವೆಲ್ಲ ಮುಗಿದ ಮೇಲೆಯೇ.