ಅಕ್ಷರ ತಿಳಿಯದ ಕೀಲಿಮಣೆ

ಕಂಪ್ಯೂಟರಿನ ಕೀಲಿಮಣೆಯ ಮೇಲೆ ಅಕ್ಷರಗಳನ್ನು ಮುದ್ರಿಸಿರುವುದು ನಮ್ಮ ಅನುಕೂಲಕ್ಕೆ. ಕೀಲಿಮಣೆಗೆ ಅವುಗಳಿಂದ ಏನೂ ಆಗಬೇಕಿಲ್ಲ. ‘ಕೆ’ ಎಂದು ಬರೆದ ಗುಂಡಿಯನ್ನು ಕಿತ್ತು ‘ಎಂ’ ಇದ್ದ ಜಾಗದಲ್ಲಿ ಕೂರಿಸಿ ಒತ್ತಿ ನೋಡಿ, ತೆರೆಯ ಮೇಲೆ ಮೂಡುವುದು ಎಂ ಅಕ್ಷರವೇ. ಅದಕ್ಕೆ ಗೊತ್ತಾಗುವುದು ಎರಡೇ ಸಂಗತಿ: ಯಾವ ಜಾಗದ ಗುಂಡಿ ಕೆಳಗೆ ಹೋಯಿತು, ಯಾವುದು ಮೇಲೆ ಬಂತು. ಉಳಿದ ಓದುಬರಹವೆಲ್ಲ ಬೇರೆಯವರ ಕೆಲಸ.

ಜಾಗ ಗೊತ್ತಾಗುವುದಾದರೂ ಹೇಗೆ? ಸಾಮಾನ್ಯ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಒಂದೊಂದಕ್ಕೂ ಒಂದು ತಂತಿ ಎಳೆದರೆ, ಒಳಗಿನ ಪುಟ್ಟ ಚಿಪ್ಪಿಗೆ ನೂರಕ್ಕೂ ಹೆಚ್ಚು ಕಾಲುಗಳು ಬೇಕು. ಅಷ್ಟು ದುಡ್ಡು ಸುರಿಯಲು ಯಾವ ತಯಾರಕನೂ ಒಪ್ಪುವುದಿಲ್ಲ. ಆ ಜಿಪುಣತನದಿಂದ ಹುಟ್ಟಿದ್ದೇ ಒಂದು ಜಾಣ ಉಪಾಯ. ಬೆಂಗಳೂರಿನ ಬಡಾವಣೆಗಳಲ್ಲಿ ವಿಳಾಸ ಹುಡುಕಿದವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಮೇನ್ ಯಾವುದು, ಕ್ರಾಸ್ ಯಾವುದು ಎಂದು ಹೇಳಿದರೆ ಸಾಕು, ಮೂಲೆ ಸಿಕ್ಕಿತು. 8 ಮೇನ್‌ಗಳನ್ನು 16 ಕ್ರಾಸ್‌ಗಳು ಕತ್ತರಿಸಿದರೆ 128 ಮೂಲೆಗಳಾಗುತ್ತವೆ, ತಂತಿಗಳು ಮಾತ್ರ 24. ಪ್ರತಿ ಮೂಲೆಯಲ್ಲೂ ಒಂದು ಕೀಲಿ.

ಮೇನ್ ತಂತಿಗಳನ್ನೆಲ್ಲ ಚಿಪ್ಪು ಸಾಮಾನ್ಯವಾಗಿ 5 ವೋಲ್ಟಿನಲ್ಲಿ ಇಟ್ಟಿರುತ್ತದೆ. ಆಮೇಲೆ ಕ್ರಾಸ್ ತಂತಿಗಳನ್ನು ಒಂದಾದ ಮೇಲೊಂದರಂತೆ ಸೊನ್ನೆಗೆ ಇಳಿಸುತ್ತ ಹೋಗುತ್ತದೆ. ಯಾವುದೋ ಮೂಲೆಯ ಕೀಲಿ ಒತ್ತಿದ್ದರೆ ಅಲ್ಲಿ ಎರಡು ತಂತಿಗಳು ಕೂಡಿ, ಆ ಮೇನ್ ಕೂಡ ಸೊನ್ನೆಗೆ ಇಳಿಯುತ್ತದೆ. ಈಗ ತಾನು ಯಾವ ಕ್ರಾಸಿನಲ್ಲಿದ್ದೇನೆ ಎಂಬುದು ಚಿಪ್ಪಿಗೆ ಗೊತ್ತು, ಯಾವ ಮೇನ್ ಕುಸಿಯಿತು ಎಂಬುದೂ ಗೊತ್ತು. ಇಂಥ ಗಸ್ತು ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ಎಷ್ಟು ವೇಗವಾಗಿ ಟೈಪ್ ಮಾಡುವವರ ಬೆರಳೂ ಇದರ ಕಣ್ಣು ತಪ್ಪಿಸಲಾರದು.

ಅಗ್ಗದ ಕೀಲಿಮಣೆಯೊಂದರ ತಿರುಪು ಬಿಚ್ಚಿದರೆ ಈ ಬೀದಿಗಳೆಲ್ಲ ಕಣ್ಣಿಗೇ ಕಾಣುತ್ತವೆ. ಒಂದರ ಮೇಲೊಂದು ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಶಾಯಿಯಿಂದ ಮುದ್ರಿಸಿದ ಗೆರೆಗಳು, ನಡುವಿನ ಹಾಳೆಯಲ್ಲಿ ಬರೀ ತೂತುಗಳು. ಗುಂಡಿಯ ಅಡಿಯ ರಬ್ಬರ್ ಬುಗ್ಗೆ ಕುಸಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನದನ್ನು ಮುಟ್ಟುತ್ತದೆ, ಅಷ್ಟೆ. ಚಹಾ ಚೆಲ್ಲಿ ಶಾಯಿಯ ಒಂದು ಗೆರೆ ತಿಂದುಹೋದರೆ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಏಳೆಂಟು ಕೀಲಿಗಳು ಒಟ್ಟಿಗೆ ಸುಮ್ಮನಾಗುತ್ತವೆ. ಸಂಬಂಧ ಇಲ್ಲವೆಂದಲ್ಲ, ಅವೆಲ್ಲ ಒಂದೇ ರಸ್ತೆಯ ನಿವಾಸಿಗಳು. ರಿಪೇರಿ ಮಾಡುವವರು ಸತ್ತ ಕೀಲಿಗಳ ಪಟ್ಟಿ ನೋಡಿಯೇ ಗೆರೆ ಎಲ್ಲಿ ಕಡಿದಿದೆ ಎಂದು ಊಹಿಸಬಲ್ಲರು.

ಇನ್ನೊಂದು ತೊಡಕು, ಕೀಲಿಗಳ ಕುಣಿತ. ಎರಡು ಲೋಹದ ತುಣುಕುಗಳು ತಾಗಿದ ಕ್ಷಣದಲ್ಲಿ ಅವು ಒಮ್ಮೆಗೇ ಅಂಟಿ ನಿಲ್ಲುವುದಿಲ್ಲ. ಕೆಲವು ಮಿಲಿಸೆಕೆಂಡು ಪುಟಿದು ಪುಟಿದು ಆಮೇಲೆ ತಣ್ಣಗಾಗುತ್ತವೆ. ಅಷ್ಟರಲ್ಲಿ ಚಿಪ್ಪು ಹಲವು ಸಲ ಬಂದು ನೋಡಿದರೆ ಒಂದು ‘ಕ’ ಒತ್ತಿದವರಿಗೆ ಮೂರು ‘ಕ’ ಸಿಗುತ್ತದೆ. ಅದಕ್ಕೇ ಕೀಲಿಯ ಸ್ಥಿತಿ ಸುಮಾರು 5 ಮಿಲಿಸೆಕೆಂಡು ಬದಲಾಗದೆ ನಿಲ್ಲುವವರೆಗೂ ಅದನ್ನು ನಂಬಬೇಡ ಎಂದು ಚಿಪ್ಪಿಗೆ ಬರೆದುಕೊಟ್ಟಿರುತ್ತಾರೆ. ಹಳೆಯ ಕೀಲಿಮಣೆ ಒಂದೇ ಅಕ್ಷರವನ್ನು ಎರಡೆರಡು ಸಲ ಮೂಡಿಸತೊಡಗಿದರೆ, ಸವೆದ ಸ್ವಿಚ್ಚಿನ ಕುಣಿತ ಈ ಗಡುವನ್ನೂ ಮೀರಿದೆ ಎಂದರ್ಥ.

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ದೆವ್ವದ ಕೀಲಿ. 4ನೇ ಮೇನ್‌ನ 1 ಮತ್ತು 2ನೇ ಕ್ರಾಸಿನ ಕೀಲಿಗಳನ್ನೂ, 5ನೇ ಮೇನ್‌ನ 1ನೇ ಕ್ರಾಸಿನ ಕೀಲಿಯನ್ನೂ ಒಟ್ಟಿಗೆ ಒತ್ತಿದ್ದೀರಿ ಎನ್ನಿ. ಚಿಪ್ಪು 2ನೇ ಕ್ರಾಸನ್ನು ಸೊನ್ನೆಗೆ ಇಳಿಸಿದಾಗ 4ನೇ ಮೇನ್ ಇಳಿಯುತ್ತದೆ. ಅದಕ್ಕೆ ಕೂಡಿಕೊಂಡ 1ನೇ ಕ್ರಾಸೂ ಇಳಿಯುತ್ತದೆ. ಅದರ ಬೆನ್ನಿಗೇ 5ನೇ ಮೇನ್! ಹೀಗೆ ಸುತ್ತು ಹಾಕಿ ಬಂದ ಸಂಕೇತವನ್ನು ನೋಡಿ ಚಿಪ್ಪು, ಯಾರೂ ಮುಟ್ಟದ ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದೆ ಎಂದುಕೊಳ್ಳುತ್ತದೆ. ಮದ್ದು ಸರಳ: ಪ್ರತಿ ಕೀಲಿಗೂ ಒಂದು ಡಯೋಡ್ ಹಾಕಿ ಆ ಮೂಲೆಯನ್ನು ಒನ್‌ವೇ ಮಾಡುವುದು. ಆದರೆ ನೂರು ಡಯೋಡಿಗೂ ಖರ್ಚಿದೆ. ಅಗ್ಗದ ಕೀಲಿಮಣೆಗಳು ಇಂಥ ಅನುಮಾನ ಬಂದಾಗ ಹೊಸ ಕೀಲಿಯನ್ನು ವರದಿ ಮಾಡದೆ ಬಾಯಿ ಮುಚ್ಚಿಕೊಳ್ಳುತ್ತವೆ. ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಲಿಗಳನ್ನು ಮಾತ್ರ ಜನ ಸದಾ ಜೊತೆಗೂಡಿಸಿ ಒತ್ತುವುದರಿಂದ, ಅವನ್ನು ಬೇರೆ ಕೀಲಿಗಳ ಜಗಳಕ್ಕೆ ಸಿಗದಂತೆ ಆದಷ್ಟೂ ಪ್ರತ್ಯೇಕ ಗೆರೆಗಳಲ್ಲಿ ಇಡುತ್ತಾರೆ.

ಜಾಗ ಗೊತ್ತಾಯಿತು, ಇನ್ನು ಸುದ್ದಿ ಮುಟ್ಟಿಸಬೇಕು. 1981ರ ಐಬಿಎಂ ಪಿಸಿಯ 83 ಕೀಲಿಗಳ ಮಣೆಯೊಳಗೆ ಇಂಟೆಲ್ 8048 ಎಂಬ ಚಿಪ್ಪಿತ್ತು. ಅದು ಪ್ರತಿ ಕೀಲಿಗೂ ಒಂದು ಸಂಖ್ಯೆ ಕೊಟ್ಟಿತ್ತು: ‘ಎ’ಗೆ 30, ‘ಕೆ’ಗೆ 37, ಎಡಗಡೆಯ ಶಿಫ್ಟಿಗೆ 42. ಕೀಲಿ ಬಿಟ್ಟಾಗ ಅದೇ ಸಂಖ್ಯೆಗೆ 128 ಕೂಡಿಸಿ ಕಳಿಸುತ್ತಿತ್ತು. 37 ಹೋಗಿ 165 ಬಂದರೆ ‘ಕೆ’ ಕೀಲಿಯನ್ನು ಒತ್ತಿ ಬಿಟ್ಟಂತೆ. ಶಿಫ್ಟ್ ಕೂಡ ಈ ಪಟ್ಟಿಯಲ್ಲಿ ಒಂದು ಸಾಮಾನ್ಯ ಕೀಲಿಯೇ. ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂಬ ತೀರ್ಮಾನ ಕಂಪ್ಯೂಟರಿನದು.

ಯುಎಸ್‌ಬಿ ಬಂದ ಮೇಲೆ ಸಂಖ್ಯೆಗಳೂ ಬದಲಾದವು, ನಡಾವಳಿಯೂ ಬದಲಾಯಿತು. ಈಗ ಕೀಲಿಮಣೆ ತಾನಾಗಿ ಮಾತಾಡುವಂತಿಲ್ಲ. ಕಂಪ್ಯೂಟರ್ ಕೇಳಿದಾಗ 8 ಬೈಟಿನ ವರದಿ ಒಪ್ಪಿಸಬೇಕು. ಮೊದಲ ಬೈಟಿನ ಎಂಟು ಬಿಟ್‌ಗಳು ಶಿಫ್ಟ್, ಕಂಟ್ರೋಲ್ ಥರದ ಎಂಟು ಕೀಲಿಗಳಿಗೆ. ಎರಡನೆಯದು ಕಾದಿರಿಸಿದ ಜಾಗ. ಉಳಿದ ಆರರಲ್ಲಿ ಈಗ ಒತ್ತಿರುವ ಆರು ಕೀಲಿಗಳ ಸಂಖ್ಯೆ. ಇಲ್ಲಿ ‘ಎ’ 4, ‘ಕೆ’ 14. ಬಿಟ್ಟ ಕೀಲಿಗೆ ಬೇರೆ ಸಂದೇಶವಿಲ್ಲ. ಮುಂದಿನ ವರದಿಯಲ್ಲಿ ಹೆಸರಿಲ್ಲದಿದ್ದರೆ ಬಿಟ್ಟಂತೆ. ಆರಕ್ಕಿಂತ ಹೆಚ್ಚು ಕೀಲಿಗಳನ್ನು ತಿಳಿಸಬಲ್ಲ ಮಣೆಗಳು ಬೇರೆ ನಮೂನೆಯ ವರದಿಯನ್ನು ಬಳಸುತ್ತವೆ.

ಕೀಲಿಮಣೆಯ ಈ ಅಜ್ಞಾನ ಕನ್ನಡಕ್ಕೆ ವರವಾಗಿದೆ. ಟೈಪ್‌ರೈಟರ್ ಕಾಲದಲ್ಲಿ ಕನ್ನಡಕ್ಕೆಂದೇ ಬೇರೆ ಯಂತ್ರ ಬೇಕಿತ್ತು, ಈಗ ಬೇಡ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾಗುವ ವಿನ್ಯಾಸದಲ್ಲಿ ‘ಕ್ಷ’ ಬರೆಯಲು ಕೆ, ಎಫ್, ಎಕ್ಸ್ ಒತ್ತುತ್ತೇವೆ. ಯುಎಸ್‌ಬಿ ತಂತಿಯಲ್ಲಿ ಹೋಗುವುದು 14, 9, 27. ಇನ್‌ಸ್ಕ್ರಿಪ್ಟ್ ಬಳಸುವವರು ಕೆ, ಡಿ ಒತ್ತಿ ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮದ ಕೀಲಿ ಒತ್ತುತ್ತಾರೆ. ಆಗ ಹೋಗುವುದು 14, 7, ಶಿಫ್ಟಿನ ಜೊತೆ 54. ದಾರಿ ಬೇರೆಯಾದರೂ, ಯೂನಿಕೋಡಿನಲ್ಲಿ ಎರಡೂ ಕಡೆ ದಾಖಲಾಗುವುದು 3221, 3277, 3255 ಎಂಬ ಮೂರೇ ಸಂಖ್ಯೆಗಳು: ಕ, ಅದರ ಸ್ವರ ಕಳೆಯುವ ಚಿಹ್ನೆ, ಷ. ಇವನ್ನು ಬೆಸೆದು ‘ಕ್ಷ’ ಎಂದು ಬಿಡಿಸುವುದು ಫಾಂಟಿನ ಕೆಲಸ. ಬ್ಯಾಕ್‌ಸ್ಪೇಸ್ ಒತ್ತಿದಾಗ ಹಲವು ತಂತ್ರಾಂಶಗಳಲ್ಲಿ ‘ಕ್ಷ’ ಪೂರ್ತಿ ಅಳಿಯದೆ ‘ಕ್’ ಉಳಿದುಬಿಡುವುದೂ ಇದೇ ಕಾರಣಕ್ಕೆ.

ನಿಮ್ಮ ಮಣೆಯ ರಸ್ತೆಗಳು ಎಷ್ಟು ಇಕ್ಕಟ್ಟಾಗಿವೆ ಎಂದು ತಿಳಿಯಬೇಕಾದರೆ ಎರಡೂ ಶಿಫ್ಟ್ ಕೀಲಿಗಳನ್ನು ಒತ್ತಿ ಹಿಡಿದು ಇಂಗ್ಲಿಷ್ ವರ್ಣಮಾಲೆಯನ್ನು ಪೂರ್ತಿ ಟೈಪ್ ಮಾಡಿ. ಕೆಲವು ಅಕ್ಷರ ಬಾರದೆ ಹೋದರೆ ಗಾಬರಿ ಬೇಡ, ಮಣೆ ಕೆಟ್ಟಿಲ್ಲ. ಎಲ್ಲ ಕೀಲಿಗಳನ್ನೂ ಏಕಕಾಲಕ್ಕೆ ಗುರುತಿಸುತ್ತದೆ ಎಂದು ಅಂಗಡಿಯವರು ತೋರಿಸುವ ದುಬಾರಿ ಮಾದರಿ ಆಟವಾಡುವವರಿಗಿರಲಿ. ಕನ್ನಡ ಬರೆಯಲು ಶಿಫ್ಟ್ ಜೊತೆಗೆ ಒಂದೆರಡು ಕೀಲಿಗಳನ್ನು ಸರಿಯಾಗಿ ಗುರುತಿಸುವ ಮಣೆ ಧಾರಾಳವಾಗಿ ಸಾಕು.